ಮೊಮ್ಮಗಳ ಕೈಯ ಹಬ್ಬ



ದಶಂಬರ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಅಜ್ಜಿಯರಿಗೆ ಎರಡು ವಿಧದ ಸಂಭ್ರಮವುಂಟು. ಕ್ರಿಸ್ತಜಯಂತಿಯು ಸಮೀಪಿಸಿತೆಂಬುದು ಒಂದು. ಉದ್ಯೋಗದ ನಿಮಿತ್ತ ದೂರದ ಊರುಗಳಲ್ಲಿ ನೆಲಸಿರುವ ಮಕ್ಕಳು ತಮ್ಮ ಮಕ್ಕಳನ್ನು ಕರೆದುಕೊಂಡು ಮನೆಗೆ ಬರುವರೆಂಬುದು ಇನ್ನೊಂದು. ಇವೆರಡರಲ್ಲಿ ಹೆಚ್ಚಿನದು ಯಾವುದೆಂದು ಯಾರಾದರೂ ಕೇಳಿದರೆ ನಾವು ಬಾಯಿಂದ ಮೊದಲನೆಯದನ್ನು ಹೇಳಿದರೂ ಮನಸ್ಸು ಎರಡನೆಯದರ ಕಡೆಗೇ ವಾಲುವದು. ಹೀಗೆ ಬರುವ ಚಿಕ್ಕ ಮೊಮ್ಮಕ್ಕಳಿಗೆ ಹಬ್ಬದ ಪದ್ಧತಿಗಳನ್ನು ಹೇಗೆ ರೂಢಿಸಬೇಕು, ಯಾವ ಕೆಲಸವನ್ನು ಅವರ ಕೈಗೆ ಒಪ್ಪಿಸಬೇಕು ಎಂಬುದನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯುವೆನು. ಒಮ್ಮೆ ಎಡವಿದವಳ ಅನುಭವವೇ ಈ ಮಾತುಗಳಿಗೆ ಆಧಾರವೆಂದು ಮೊದಲೇ ತಿಳಿಸಿಬಿಡುತ್ತೇನೆ.

ಎರಡು ವರ್ಷಗಳ ಹಿಂದಿನ ಮಾತು. ನನ್ನ ಮೊಮ್ಮಗಳಿಗೆ ಆಗ ನಾಲ್ಕು ವರ್ಷ. ಅವಳು ತಾಯಿಯೊಡನೆ ಬೆಂಗಳೂರಿನಿಂದ ಹಬ್ಬಕ್ಕೆ ಬಂದಳು. ಮಗುವಿನ ಕಣ್ಣಿಗೆ ಎಲ್ಲವೂ ಅಂದವಾಗಿ ಕಾಣಬೇಕೆಂಬ ಹಟದಿಂದ ನಾನು ರಾತ್ರಿ ಅವಳು ಮಲಗಿದ ಮೇಲೆ ಒಲೆ ಹೊತ್ತಿಸಿ ಕುಸ್ವಾರ್ ಮಾಡಿದೆನು. ಕುಸ್ವಾರ್ ಎಂದರೆ ನಮ್ಮ ಕಡೆ ಈ ಹಬ್ಬಕ್ಕೆಂದು ಮಾಡುವ ತಿಂಡಿಗಳ ಸಮೂಹ: ಎಳ್ಳು, ಸಕ್ಕರೆ, ಏಲಕ್ಕಿಯ ಹೂರಣವಿಟ್ಟ ನೆವ್ರಿ, ಅಚ್ಚಿನಿಂದ ಹೂವಿನಾಕಾರಕ್ಕೆ ಕರಿದ ಕೊಕ್ಕಿಸಾಂ, ಸುರುಳಿ ಸುರುಳಿಯಾದ ಕಿಡಿಯೊ, ಗುಂಡಗಿನ ಗುಳಿಯೊ, ತುಕ್ಡಿ, ಚಕ್ಕುಲಿ, ಲಾಡು. ಗೋದಲಿಯನ್ನು ಚಾವಡಿಯ ಎತ್ತರದ ಮೇಜಿನ ಮೇಲೆ ಹೂಡಿದೆನು. ನನ್ನ ಅತ್ತೆಯವರ ಕಾಲದ ಮಣ್ಣಿನ ಬೊಂಬೆಗಳಾದ್ದರಿಂದ ಮಗುವಿನ ಕೈಗೆಟುಕಬಾರದೆಂಬುದೇ ನನ್ನ ಎಣಿಕೆ. "ಮುಟ್ಟಬೇಡ ಮಗೂ," "ಒಲೆಯ ಹತ್ತಿರ ಬರಬೇಡ," "ಅಲ್ಲಿ ಕುಳಿತು ನೋಡು" ಎಂಬ ಮೂರು ಮಾತುಗಳನ್ನು ಆ ದಿನಗಳಲ್ಲಿ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ಹಬ್ಬದ ರಾತ್ರಿ ಅವಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡು, "ಹಬ್ಬ ಹೇಗಿತ್ತು, ಮಗೂ?" ಎಂದು ಕೇಳಿದೆನು. "ಚೆನ್ನಾಗಿತ್ತು ಅಜ್ಜಿ. ನೀವು ಹಬ್ಬ ಮಾಡಿದಿರಿ, ನಾನು ನೋಡಿದೆ" ಎಂದಳು. ಅವಳ ಮಾತಿನಲ್ಲಿ ದೂರು ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿ ನಿದ್ದೆಹೋದಳು. ನನಗೆ ಮಾತ್ರ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ನಾವು ಈಗ ಪುರಾತನವೆಂದು ತಿಳಿದಿರುವ ಪದ್ಧತಿಗಳೆಲ್ಲವೂ ಒಂದಾನೊಂದು ದಿನ ಹೊಸವಾಗಿಯೇ ಇದ್ದವು. 1223ರಲ್ಲಿ ಇಟಲಿ ದೇಶದ ಗ್ರೆಚ್ಚೊ ಎಂಬ ಗ್ರಾಮದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಗೋದಲಿಯನ್ನಿರಿಸಿ, ನಿಜವಾದ ಎತ್ತನ್ನೂ ಕತ್ತೆಯನ್ನೂ ತರಿಸಿ ನಿಲ್ಲಿಸಿ, ದೀವಟಿಗೆ ಹಿಡಿದು ಬಂದ ಹಳ್ಳಿಗರ ನಡುವೆ ಕ್ರಿಸ್ತಜನನದ ರಾತ್ರಿಯನ್ನು ಆಚರಿಸಿದರು. ಓದು ಬರಹ ಅರಿಯದ ಜನರೂ ಆ ಜನನದ ಬಡತನವನ್ನು ಕಣ್ಣಾರೆ ಕಂಡರು. 1839ರಲ್ಲಿ ಜರ್ಮನಿಯ ಹಾಂಬುರ್ಗ್ ನಗರದಲ್ಲಿ ದಿಕ್ಕಿಲ್ಲದ ಬಡ ಮಕ್ಕಳನ್ನು ಸಾಕುತ್ತಿದ್ದ ಯೋಹಾನ್ ವಿಖರ್ನ್ ಎಂಬ ಪಾದ್ರಿಯವರನ್ನು ಆ ಮಕ್ಕಳು ಹಬ್ಬಕ್ಕೆ ಇನ್ನೆಷ್ಟು ದಿನವೆಂದು ದಿನವೂ ಪೀಡಿಸುತ್ತಿದ್ದರಂತೆ. ಅವರು ಒಂದು ಹಳೆಯ ಬಂಡಿಯ ಚಕ್ರದ ಮೇಲೆ ವಾರದ ದಿನಗಳಿಗೆ ಸಣ್ಣ ಮೇಣದ ಬತ್ತಿಗಳನ್ನೂ ನಾಲ್ಕು ಭಾನುವಾರಗಳಿಗೆ ದೊಡ್ಡ ಬತ್ತಿಗಳನ್ನೂ ಇರಿಸಿ, ದಿನಕ್ಕೊಂದರಂತೆ ಹೊತ್ತಿಸುತ್ತ ಬಂದರು. ಇಂದು ದೇವಾಲಯಗಳಲ್ಲಿ ಕಾಣುವ ಆಗಮನಕಾಲದ ಹಸಿರು ಮಾಲೆಯು ಅದರಿಂದ ಬೆಳೆದದ್ದು. ದೊಡ್ಡವರು ಎಳೆಯರಿಗಾಗಿ ತುಸು ಬಗ್ಗಿದಾಗ ಹುಟ್ಟಿದ ಪದ್ಧತಿಗಳಿವು. ನಾನಾದರೋ ನನ್ನ ಗೋದಲಿಯನ್ನು ಎತ್ತರದ ಮೇಜಿನ ಮೇಲೆ ಇಟ್ಟಿದ್ದೆನು.

ಆದಕಾರಣ ಕಳೆದ ವರ್ಷ, ಅವಳು ಐದು ವರ್ಷದವಳಾಗಿ ಬಂದಾಗ, ನಾಲ್ಕು ಕೆಲಸಗಳನ್ನು ಆರಿಸಿ ಅವು ಅವಳವೇ ಎಂದು ಒಪ್ಪಿಸಿದೆನು. ಶಾಲೆಯ ಕಟ್ಟುನಿಟ್ಟು ಇನ್ನೂ ಅಷ್ಟಾಗಿರದ ವಯಸ್ಸಾದ್ದರಿಂದ ಎರಡು ವಾರ ಮುಂಚಿತವಾಗಿಯೇ ಬಂದಿದ್ದಳು.

ಮೊದಲನೆಯದು, ಗೋದಲಿಯ ಸುತ್ತ ಹಸಿರು ಗದ್ದೆಯನ್ನು ಬೆಳೆಸುವದು. ಒಂದು ಹಿಡಿ ಭತ್ತವನ್ನು ಒಂದು ರಾತ್ರಿ ನೆನೆಯಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆಯ ಮೂತಿ ಕಂಡ ಕೂಡಲೆ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಒತ್ತಾಗಿ ಬಿತ್ತಿ, ದಿನವೂ ಕೈಯಿಂದ ನೀರು ಚಿಮುಕಿಸಬೇಕು. ಹತ್ತು ಹನ್ನೆರಡು ದಿನಗಳಲ್ಲಿ ಎಳೆಯ ಪೈರು ಎದ್ದು ನಿಲ್ಲುವದು. ಫ್ರಾನ್ಸ್ ದೇಶದ ಪ್ರೊವಾನ್ಸ್ ಸೀಮೆಯವರು ಸಂತ ಬಾರ್ಬರಾಳ ದಿನವಾದ ದಶಂಬರ 4ರಂದು ಗೋಧಿಯನ್ನು ಇದೇ ರೀತಿ ಬಿತ್ತುವರು. ನನ್ನ ಮೊಮ್ಮಗಳು ನೀರು ಹಾಕಿದ್ದಲ್ಲದೆ ದಿನಕ್ಕೊಂದು ಸಸಿಯನ್ನು ಕಿತ್ತು ಬೇರು ಎಷ್ಟು ಬೆಳೆಯಿತೆಂದು ನೋಡಿ ಮತ್ತೆ ನೆಡುತ್ತಿದ್ದಳು. ಆದ್ದರಿಂದ ಒಂದು ಮೂಲೆ ಬೋಳಾಯಿತು. ನಾನು ಏನೂ ಹೇಳಲಿಲ್ಲ. ಹಬ್ಬದ ಮುನ್ನಾ ದಿನ ಅವಳೇ ಆ ಬೋಳು ಮೂಲೆಯಲ್ಲಿ ಕುರಿಗಳನ್ನು ಸಾಲಾಗಿ ನಿಲ್ಲಿಸಿ, "ಇವು ಮೇಯ್ದುಬಿಟ್ಟವು, ಅಜ್ಜಿ" ಎಂದಳು.

ಎರಡನೆಯದು, ಗೋದಲಿಯ ಮೇಲ್ವಿಚಾರಣೆ. ಅದನ್ನು ಈ ಸಲ ತಗ್ಗಾದ ಮಣೆಯ ಮೇಲೆ ಹೂಡಿದೆವು. ಬಾಲಯೇಸುವಿನ ಬೊಂಬೆಯನ್ನು ಹತ್ತಿ ಹಾಸಿದ ಒಂದು ಸಣ್ಣ ಪೆಟ್ಟಿಗೆಯಲ್ಲಿ ಕಾಪಾಡಿಟ್ಟು 24ನೆಯ ರಾತ್ರಿ ಅವಳೇ ಹುಲ್ಲಿನ ಮೇಲೆ ಮಲಗಿಸಬೇಕೆಂದು ಗೊತ್ತುಮಾಡಿದೆವು. ಮೂವರು ಜ್ಞಾನಿಗಳನ್ನು ಕಿಟಕಿಯ ಬಳಿಯಿಂದ ಹೊರಡಿಸಿ, ದಿನಕ್ಕೊಂದು ಗೇಣು ಮುಂದೆ ಸರಿಸುತ್ತ, ಅವರ ಹಬ್ಬವಾದ ಜನವರಿ 6ರಂದು ಗೋದಲಿಗೆ ಮುಟ್ಟಿಸುವದು ಕೂಡ ಮಕ್ಕಳಿಗೆ ಒಪ್ಪುವ ಪದ್ಧತಿ. ಮುಗಿದುಹೋಗುವ ಹಬ್ಬವನ್ನು ಅದು ಹನ್ನೆರಡು ದಿನ ಹಿಡಿದು ನಿಲ್ಲಿಸುವದು. ಈ ಓಡಾಟದಲ್ಲಿ ಅತ್ತೆಯವರ ಕಾಲದ ಒಂದು ಕುರಿಯ ಕಾಲು ಮುರಿಯಿತು. ಮಗುವಿನ ಮುಖ ಬಿಳಿಚಿಕೊಂಡಿತು. ಇಬ್ಬರೂ ಕುಳಿತು ಅಂಟು ಹಾಕಿ ಕೂಡಿಸಿದೆವು. ಹಾಗೆ ಕೂಡಿಸುವಾಗ ನೋಡಿದರೆ ಅದರ ಇನ್ನೊಂದು ಕಾಲಿಗೆ ಬಹಳ ಹಿಂದೆಯೇ ಯಾರೋ ಅಂಟು ಹಾಕಿದ್ದ ಗುರುತಿತ್ತು. ನನ್ನ ಯಜಮಾನರೇ ಬಾಲ್ಯದಲ್ಲಿ ಅದನ್ನು ಮುರಿದಿದ್ದರೋ ಏನೋ.

ಮೂರನೆಯದು, ಕಿಡಿಯೊ ಸುತ್ತುವದು. ಕೊಂಕಣಿಯಲ್ಲಿ ಹುಳು ಎಂಬರ್ಥದ ಹೆಸರು ಅದು, ಆಕಾರವೂ ಹಾಗೆಯೇ. ಮೈದಾ, ಮೊಟ್ಟೆ, ಗಟ್ಟಿ ತೆಂಗಿನ ಹಾಲು, ಚಿಟಿಕೆ ಉಪ್ಪು ಇವುಗಳನ್ನು ಕಲಸಿ ಮೃದುವಾಗಿ ನಾದಿ, ಸಣ್ಣ ಸಣ್ಣ ಉಂಡೆಮಾಡಿ, ಫೋರ್ಕಿನ ಬೆನ್ನಿನ ಮೇಲಾಗಲಿ ತೊಳೆದ ಹೊಸ ಬಾಚಣಿಗೆಯ ಮೇಲಾಗಲಿ ಒತ್ತಿ ಸುರುಳಿ ಸುತ್ತುವದು ಮಕ್ಕಳ ಬೆರಳಿಗೆ ಹೇಳಿಮಾಡಿಸಿದ ಕೆಲಸ. ಕರಿಯುವದನ್ನೂ ಸಕ್ಕರೆ ಪಾಕದಲ್ಲಿ ಹೊರಳಿಸುವದನ್ನೂ ದೊಡ್ಡವರೇ ಮಾಡಬೇಕು. ಕಾದ ಎಣ್ಣೆಯ ಬಳಿ ಮಗುವನ್ನು ಬಿಡತಕ್ಕದ್ದಲ್ಲ. ಮಕ್ಕಳು ಸುತ್ತಿದವು ಒಂದು ದೊಡ್ಡದು ಒಂದು ಸಣ್ಣದು ಆಗುವದರಿಂದ ಅವನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ಬೇರೆ ಬೇರೆಯಾಗಿ ಕರಿದರೆ ಸಣ್ಣವು ಕರಕಾಗುವದಿಲ್ಲ, ದೊಡ್ಡವು ಹಸಿಯಾಗಿ ಉಳಿಯುವದಿಲ್ಲ. ಅವಳು ಮಲಗಿದ ಮೇಲೆ ಆ ಸೊಟ್ಟ ಕಿಡಿಯೊಗಳನ್ನು ಮತ್ತೆ ಸುತ್ತಿ ಸರಿಪಡಿಸಲು ನನ್ನ ಕೈ ಹೋಯಿತೆಂಬುದನ್ನು ನಿಮ್ಮ ಮುಂದೆ ಮುಚ್ಚಿಡುವದಿಲ್ಲ. ಎರಡನ್ನು ಬಿಚ್ಚಿಯೂ ಬಿಟ್ಟೆನು. ಬಳಿಕ ಹಿಂದಿನ ವರ್ಷದ ಅವಳ ಮಾತು ನೆನಪಾಗಿ ತಟ್ಟೆಯನ್ನು ಮುಚ್ಚಿಟ್ಟು ಹೋಗಿ ಮಲಗಿದೆನು.

ನಾಲ್ಕನೆಯದು, ನೆರೆಹೊರೆಗೆ ಕುಸ್ವಾರಿನ ತಟ್ಟೆಗಳನ್ನು ಜೋಡಿಸಿ ಕೊಂಡೊಯ್ಯುವದು. ಇದನ್ನು ಬರೆಯುವದಕ್ಕಾಗಿಯೇ ನಾನು ಇಷ್ಟು ಹೊತ್ತು ಉಳಿದುದೆಲ್ಲವನ್ನೂ ಬರೆದೆನೆಂದು ತೋರುತ್ತದೆ.

ನಮ್ಮ ಪಕ್ಕದ ಮನೆಯವರಿಗೂ ನಮಗೂ ಮೂವತ್ತು ವರ್ಷಗಳ ಒಡನಾಟ. ನಮ್ಮ ಕುಸ್ವಾರಿನ ತಟ್ಟೆ ಅವರ ಮನೆಗೆ ಹೋಗುವದೂ ಅವರ ಚೌತಿಯ ಪಂಚಕಜ್ಜಾಯ ನಮ್ಮ ಮನೆಗೆ ಬರುವದೂ ತಪ್ಪಿದ್ದೇ ಇಲ್ಲ. ಹೀಗಿರಲಾಗಿ ಒಂದು ಮಳೆಗಾಲದಲ್ಲಿ ನಮ್ಮ ಅಂಗಳದ ನೀರು ಅವರ ಅಂಗಳಕ್ಕೆ ನುಗ್ಗಿ, ಮಾತಿಗೆ ಮಾತು ಬೆಳೆದು, ಆಡಬಾರದ ಒಂದೆರಡು ಮಾತುಗಳನ್ನು ನಾನೇ ಆಡಿದೆನು. ಆ ವರ್ಷದ ಚೌತಿಗೆ ಅವರಲ್ಲಿಂದ ಏನೂ ಬರಲಿಲ್ಲ; ಹಬ್ಬಕ್ಕೆ ನಮ್ಮಿಂದ ಏನೂ ಹೋಗಲಿಲ್ಲ. ಮರುವರ್ಷವೂ ಹಾಗೆಯೇ ಕಳೆಯಿತು.

ತಟ್ಟೆಗಳನ್ನು ಜೋಡಿಸಿದ ಆ ಸಾಯಂಕಾಲ ಮಗು ಜಗುಲಿಯ ಮೇಲೆ ನಿಂತು ಬೆರಳು ಮಡಚುತ್ತ ಮನೆಗಳನ್ನು ಎಣಿಸಿದಳು. ಒಳಗೆ ಬಂದು ತಟ್ಟೆಗಳನ್ನೂ ಎಣಿಸಿದಳು. "ಅಜ್ಜಿ, ಎಂಟು ಮನೆ, ಏಳೇ ತಟ್ಟೆ" ಎಂದಳು.

"ಪಕ್ಕದ ಮನೆಗೆ ಕೊಡುವದಿಲ್ಲ, ಮಗೂ" ಎಂದೆನು.

"ಯಾಕೆ?"

ಅದು ಅವರ ಹಬ್ಬವಲ್ಲವೆಂದು ಹೇಳೋಣವೆಂದರೆ, ಆ ಏಳು ತಟ್ಟೆಗಳಲ್ಲಿ ಐದು ಹಿಂದೂ ಮುಸಲ್ಮಾನ ಮನೆಗಳಿಗೇ ಹೋಗತಕ್ಕವು. ನಾನು ಸುಮ್ಮನಿದ್ದೆನು. ಎರಡು ವಾರಗಳಿಂದ ಭತ್ತ ಬಿತ್ತುವಾಗಲೂ ಬೊಂಬೆ ಇಡುವಾಗಲೂ ಹಿಟ್ಟು ನಾದುವಾಗಲೂ ಅವಳು ಯಾಕೆಂದು ಕೇಳಿದಾಗೆಲ್ಲ "ಇದು ನಮ್ಮ ಮನೆಯ ಪದ್ಧತಿ, ಮಗೂ" ಎಂದು ನಾನು ಹೇಳುತ್ತ ಬಂದಿದ್ದೆನಲ್ಲವೇ? ಅವಳು ಸ್ವಲ್ಪ ಹೊತ್ತು ಕಾದು, ತಾನೇ ಉತ್ತರ ಕಂಡುಕೊಂಡವಳಂತೆ, "ಪಕ್ಕದ ಮನೆಗೆ ಕೊಡದೆ ಇರುವದೂ ನಮ್ಮ ಮನೆಯ ಪದ್ಧತಿಯಾ, ಅಜ್ಜಿ?" ಎಂದಳು.

ಸೋದರಿಯರೆ, ನಾವು ಮಾಡುವದನ್ನು ಮಾತ್ರವೇ ಮಕ್ಕಳು ಕಲಿಯುವರೆಂದು ತಿಳಿದಿದ್ದೆನು. ನಾವು ಬಿಟ್ಟದ್ದನ್ನೂ ಅವರು ಅಷ್ಟೇ ಶ್ರದ್ಧೆಯಿಂದ ಕಲಿಯುವರು. ಇನ್ನೊಂದು ವರ್ಷ ಕಳೆದಿದ್ದರೆ ನನ್ನ ಮೊಮ್ಮಗಳಿಗೆ ಹಸಿರು ಗದ್ದೆಯ ಜತೆಯಲ್ಲಿ ನನ್ನ ಮುನಿಸೂ ಆಸ್ತಿಯಾಗಿ ಸಲ್ಲುತ್ತಿತ್ತು. ಅದರ ಕಾರಣವನ್ನು ಅರಿಯದೆಯೇ ಅವಳು ಅದನ್ನು ಪಾಲಿಸುತ್ತಿದ್ದಳು.

ಎಂಟನೆಯ ತಟ್ಟೆಯನ್ನು ಜೋಡಿಸಿದೆವು. ಮಗುವೊಬ್ಬಳನ್ನೇ ಕಳುಹಿಸಿಬಿಡೋಣ, ಅವಳ ಮುಖ ನೋಡಿ ಅವರು ಬೇಡವೆನ್ನಲಾರರು ಎಂದು ಒಂದು ಕ್ಷಣ ತೋಚಿದ್ದು ಸುಳ್ಳಲ್ಲ. ಆದರೆ ಮಾತನಾಡಿದವಳು ನಾನು. ಮಗುವಿನ ಮರೆಯಲ್ಲಿ ನಿಲ್ಲುವದು ಸರಿಯಲ್ಲವೆಂದು ನಾನೇ ಸೆರಗು ಸರಿಪಡಿಸಿಕೊಂಡು ಅವಳ ಜತೆಯಲ್ಲಿ ಹೊರಟೆನು. ಇಪ್ಪತ್ತು ಹೆಜ್ಜೆಯ ದಾರಿ ಅಂದು ಬಹಳ ದೂರವಾಯಿತು. ಆ ತಾಯಿ ಬಾಗಿಲು ತೆರೆದು ನನ್ನನ್ನು ನೋಡಿದರು, ತಟ್ಟೆಯನ್ನು ನೋಡಿದರು, ಏನೂ ಹೇಳಲಿಲ್ಲ. ಮಗುವೇ, "ಈ ಹುಳುಗಳನ್ನು ನಾನು ಮಾಡಿದ್ದು" ಎಂದಳು. ಅವರಿಗೆ ನಗು ಬಂತು. "ಒಳಗೆ ಬನ್ನಿ" ಎಂದರು. "ಬರುವ ಮಳೆಗಾಲದೊಳಗೆ ನೀರಿನ ಕಾಲುವೆಯನ್ನು ಸರಿಮಾಡಿಸುತ್ತೇನೆ; ಅಂದು ನಾನು ಹಾಗೆ ಮಾತನಾಡಬಾರದಿತ್ತು" ಎಂದೆನು. ಅವರು ಅದಕ್ಕೆ ಉತ್ತರ ಕೊಡದೆ ಮಗುವಿಗೆ ಕುಡಿಯಲು ಹಾಲು ತಂದರು.

ಮರುದಿನ ತಟ್ಟೆ ಹಿಂದಿರುಗಿ ಬಂತು. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಕಡೆಯ ಎಲ್ಲ ಜಾತಿಯವರ ವಾಡಿಕೆಯಷ್ಟೆ. ಅದರಲ್ಲಿ ಒಂದು ಹಿಡಿ ಸಕ್ಕರೆಯೂ ಮಗುವಿನ ಜಡೆಗೆಂದು ಒಂದು ಮೊಳ ಮಲ್ಲಿಗೆಯೂ ಇದ್ದವು. ಮೇ ತಿಂಗಳಲ್ಲಿ ಕಾಲುವೆಯ ಕೆಲಸ ಮಾಡಿಸಿದೆನು. ಈ ವರ್ಷದ ಚೌತಿಗೆ ಪಂಚಕಜ್ಜಾಯ ಬಂತು.

ಕೊನೆಯದಾಗಿ ಕೆಲವು ಸೂಚನೆಗಳು. ಮೊಮ್ಮಕ್ಕಳಿಗೆಂದು ಹತ್ತಾರು ಪದ್ಧತಿಗಳನ್ನು ಒಮ್ಮೆಲೇ ಹೂಡಬೇಡಿರಿ. ಎರಡು ಮೂರನ್ನು ಆರಿಸಿ ವರ್ಷವೂ ತಪ್ಪದೆ ನಡೆಸಿರಿ. ಹಣದಿಂದ ಕೊಳ್ಳುವದಕ್ಕಿಂತ ಕೈಯಿಂದ ಮಾಡುವದನ್ನು ಆರಿಸಿರಿ. ಮಗುವಿಗೆ ಕೊಟ್ಟ ಕೆಲಸವನ್ನು ಮಗುವಿಗೇ ಬಿಡಿರಿ, ಸೊಟ್ಟಾದರೆ ಸೊಟ್ಟಾಗಿರಲಿ. ಹಬ್ಬಕ್ಕೆ ಮೊಮ್ಮಕ್ಕಳು ಬರಲಾಗದ ಮನೆಗಳವರು ಒಂದು ಹಿಡಿ ಭತ್ತವನ್ನಾದರೂ ಅಂಚೆಯಲ್ಲಿ ಕಳುಹಿಸಿ, ಒಂದೇ ದಿನ ಇಲ್ಲಿಯೂ ಅಲ್ಲಿಯೂ ಬಿತ್ತಬಹುದು. ಮತ್ತು ತಟ್ಟೆಗಳನ್ನು ಜೋಡಿಸುವ ಮೊದಲು ಮನೆಗಳನ್ನು ಮಗುವಿನಿಂದಲೇ ಎಣಿಸಿರಿ.

ಮೊನ್ನೆ ಮೊಮ್ಮಗಳು ದೂರವಾಣಿಯಲ್ಲಿ ಮಾತನಾಡುತ್ತ, "ಅಜ್ಜಿ, ನಾನು ಬರುವ ಮೊದಲು ಭತ್ತ ನೆನೆಹಾಕಬೇಡಿ" ಎಂದು ಕಟ್ಟಪ್ಪಣೆ ಮಾಡಿದಳು. ಅದರಂತೆ ಕಾದಿದ್ದೇನೆ. ತಟ್ಟೆಗಳನ್ನು ಮಾತ್ರ ಅಟ್ಟದಿಂದ ಇಳಿಸಿ ತೊಳೆದಿಟ್ಟಿದ್ದೇನೆ, ಎಂಟು ಇವೆ.

ನಿಮ್ಮೆಲ್ಲರ ಮನೆಗಳಲ್ಲಿಯೂ ಹಬ್ಬವು ಸಮಾಧಾನವನ್ನು ತರಲಿ.