ಚಹಾದ ಹೊತ್ತಿಗೆ ರಾಜಕೀಯ ಬೇಡವೇ?

ಅಮೀರ್‌ಪೇಟ್‌ನ ಕೋಚಿಂಗ್ ಸೆಂಟರುಗಳ ಸಂದಿಯಲ್ಲಿ ಚಹಾ ಕುಡಿಯುವ ನಮ್ಮ ಕನ್ನಡದ ಹುಡುಗರ ಮಾತು ಸಿರಾಜ್‌ನಿಂದ ಶುರುವಾಗುತ್ತದೆ. ಇದೇ ಊರಿನ ಆಟೋ ಚಾಲಕನ ಮಗ, ಏಳು ಸೀಸನ್ ಆರ್‌ಸಿಬಿಗೆ ಆಡಿದವನು. ಕಪ್ ಮೊದಲ ಸಲ ಬಂದಾಗ ಪಾಪ, ಗುಜರಾತ್ ತಂಡದಲ್ಲಿದ್ದ! ಅಲ್ಲಿಂದ ಹಾಸ್ಟೆಲ್ ಬಾಡಿಗೆ, ಇಂಟರ್‌ವ್ಯೂ. ಅಜರುದ್ದೀನ್ ತೆಲಂಗಾಣದ ಮಂತ್ರಿಯಾದ ಸುದ್ದಿ ಬಂದರೆ ಸಾಕು, ‘ಕ್ರಿಕೆಟ್ಟಿನಲ್ಲಿ ರಾಜಕೀಯ ಬೇಡಪ್ಪ’ ಎಂದು ಯಾರಾದರೂ ತಡೆಯುತ್ತಾರೆ.

ನಾನು ಒಪ್ಪುವುದಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು, ನಮ್ಮಂಥ ಅಭಿಮಾನಿಗಳೇ. ಅದೇ ಸಂಜೆ ವಿಧಾನಸೌಧದ ಮೆಟ್ಟಿಲ ಮೇಲೆ ತಂಡಕ್ಕೆ ಸನ್ಮಾನ. ರಾಜಕೀಯವನ್ನು ಕ್ರಿಕೆಟ್ಟಿಗೆ ಕರೆತಂದವರು ಚಹಾ ಅಂಗಡಿಯವರಲ್ಲ. ಗೆದ್ದ ಮರುದಿನವೇ ಅಷ್ಟು ಅವಸರ ಯಾರಿಗಿತ್ತು? ಮೊನ್ನೆ ಕೇಳಿದೆ. ಸಿರಾಜ್‌ನ ಯಾರ್ಕರ್ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಗ್ಲಾಸು ಹಿಡಿದು ಸುಮ್ಮನೆ ಕೂತರು.