ಮಳೆಗಾಲದ ನರ್ಸಿಂಗ್ ಹೋಮ್: ಮಾತು ಕನ್ನಡ, ಕಾಗದ ಮರಾಠಿ

ಗಡಹಿಂಗ್ಲಜ, ಇಚಲಕರಂಜಿ ಸೀಮೆಯ ಎತ್ತುಗಳಿಗೆ ಎರಡು ಹಬ್ಬಗಳುಂಟು. ಜ್ಯೇಷ್ಠದ ಕಾರಹುಣ್ಣಿಮೆಗೆ ಬರುವುದನ್ನು ಇಲ್ಲಿಯ ಜನ ಕರ್ನಾಟಕಿ ಬೆಂದೂರ ಎನ್ನುತ್ತಾರೆ. ತಿಂಗಳ ತರುವಾಯ ಆಷಾಢದಲ್ಲಿ ಬರುವುದು ಮಹಾರಾಷ್ಟ್ರದ ಬೆಂದೂರ. ಈ ಎರಡರ ನಡುವೆ ಮಳೆ ಹಿಡಿಯುತ್ತದೆ, ಹಿರಣ್ಯಕೇಶಿಯ ನೀರು ಕೆಂಪಾಗುತ್ತದೆ, ಗಡಹಿಂಗ್ಲಜದ ನರ್ಸಿಂಗ್ ಹೋಮುಗಳ ಕಟ್ಟೆ ಒದ್ದೆ ಕೊಡೆ, ಚಪ್ಪಲಿಗಳಿಂದ ತುಂಬುತ್ತದೆ. ಪೂರ್ವದ ಹಲಕರ್ಣಿ, ನೂಲ, ಬಸರ್ಗೆಗಳಿಂದಲೂ ಗಡಿಯಾಚೆಯ ಸಂಕೇಶ್ವರದ ಸುತ್ತಿನ ಹಳ್ಳಿಗಳಿಂದಲೂ ಬಂದವರು ಅಲ್ಲಿ ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಬೆಂಚಿನ ಮೇಲಿನ ಮಾತು ಬಹುಮಟ್ಟಿಗೆ ಕನ್ನಡ; ಕಿಟಕಿಯೊಳಗಿಂದ ಹೊರಬರುವ ಕೇಸ್ ಪೇಪರು ಮಾತ್ರ ಮರಾಠಿ ಇಲ್ಲವೆ ಇಂಗ್ಲಿಷು.

ನರ್ಸಿಂಗ್ ಹೋಮ್ ಎಂದರೆ ನಮ್ಮ ಕಡೆ ಹತ್ತಿಪ್ಪತ್ತು ಹಾಸಿಗೆಯ ಖಾಸಗಿ ದವಾಖಾನೆ. ಪರದೇಶದಲ್ಲಿ ಅದೇ ಹೆಸರು ವೃದ್ಧರ ಆರೈಕೆಯ ಮನೆಗೆ ಸಲ್ಲುತ್ತದೆ. ಇವುಗಳನ್ನು ಆಳುವ ಮುಖ್ಯ ಶಾಸನ 1949ರ ಮುಂಬಯಿ ನರ್ಸಿಂಗ್ ಹೋಮುಗಳ ನೋಂದಣಿ ಅಧಿನಿಯಮ, ಈಗ ಮಹಾರಾಷ್ಟ್ರದ ಹೆಸರಿನಲ್ಲಿ ನಡೆಯುತ್ತಿರುವುದು. ರೋಗ, ಗಾಯ ಅಥವಾ ಅಶಕ್ತತೆಯುಳ್ಳವರನ್ನು ಇರಿಸಿಕೊಂಡು ಚಿಕಿತ್ಸೆ, ಶುಶ್ರೂಷೆ ನೀಡುವ ಸ್ಥಳವೆಲ್ಲವೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಹೆರಿಗೆ ಮನೆಯೂ ಸೇರಿದೆ. ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು ಆ ವರ್ಷದ ಮಾರ್ಚ್ 1ರಂದೇ. ಆಗ ಗಡಹಿಂಗ್ಲಜ, ಸಂಕೇಶ್ವರ ಎರಡೂ ಒಂದೇ ಪ್ರಾಂತದಲ್ಲಿದ್ದವು. 1956ರಲ್ಲಿ ಸಂಕೇಶ್ವರ ಮೈಸೂರು ರಾಜ್ಯಕ್ಕೆ ಹೋಯಿತು. ಕಾಯಿದೆ ಬೇರೆಯಾಯಿತು, ರೋಗಿ ಬೇರೆಯಾಗಲಿಲ್ಲ.

ಈ ಹಂಗಾಮಿನ ರೋಗಗಳಿಗೆ ಹೊಸತನವೇನಿಲ್ಲ. ಕಾಮಾಲೆ ಬೇಸಿಗೆಯದು. 2012ರಲ್ಲಿ ಇಚಲಕರಂಜಿಯಲ್ಲಿ ಕುಡಿಯುವ ನೀರು ಕೆಟ್ಟು ಹೆಪಟೈಟಿಸ್ 'ಇ' ಹರಡಿದಾಗ ಆ ಊರಿನ ಯಾವ ದವಾಖಾನೆಯಲ್ಲೂ ಮಂಚ ಖಾಲಿ ಉಳಿಯಲಿಲ್ಲ. ಆ ಕಾಮಾಲೆ ಗರ್ಭಿಣಿಯರಿಗೆ ಎಷ್ಟು ಕ್ರೂರವೆಂಬುದನ್ನು ಮಗ್ಗದ ಓಣಿಗಳು ಇಂದಿಗೂ ಮರೆತಿಲ್ಲ. ಮಳೆಗಾಲಕ್ಕೆ ಸೇರಿದವು ಡೆಂಗಿ, ವಾಂತಿಭೇದಿ, ಇಲಿ ಜ್ವರ, ಹಾವಿನ ಕಡಿತ. ಆಜರಾ, ಚಂದಗಡಗಳ ಭತ್ತದ ಗದ್ದೆಯಲ್ಲಿ ಬರಿಗಾಲಿನಲ್ಲಿ ನಿಂತವನ ಕಾಲಿನ ಬಿರುಕಿನಿಂದ ಇಲಿಯ ಮೂತ್ರ ಬೆರೆತ ನೀರು ಒಳಸೇರಿ ಜ್ವರ ತರುತ್ತದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಲೆಕ್ಕವನ್ನೇ ಜಪಿಸುತ್ತ ಕುಳಿತುಕೊಳ್ಳುವ ರೂಢಿ ಬಿದ್ದಿದೆ. ವಾಸ್ತವದಲ್ಲಿ ಅಪಾಯದ ಗಳಿಗೆ ಅನೇಕ ವೇಳೆ ಜ್ವರ ಇಳಿದ ಮೇಲೆಯೇ ಬರುತ್ತದೆ, ಅದರ ಮುನ್ಸೂಚನೆ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ.

ಇಲ್ಲಿ ಭಾಷೆಯ ಪ್ರಶ್ನೆ ಎದುರಾಗುತ್ತದೆ. ಹಲಕರ್ಣಿಯ ಕಡೆಯ ಅಜ್ಜಿಯೊಬ್ಬಳು ಹೊಟ್ಟೆ ಹಿಡಿದುಕೊಂಡು 'ಸಂಕಟ ಆಗತೈತ್ರಿ ಬಾಯಿ' ಎಂದರೆ ಕನ್ನಡ ಬಲ್ಲ ಸಿಸ್ಟರಿಗೆ ಅದು ನೋವೆಂದೋ ಹೊಟ್ಟೆ ತೊಳಸುವಿಕೆಯೆಂದೋ ಹೊಳೆಯುತ್ತದೆ. ಮರಾಠವಾಡೆಯಿಂದ ಹೊಸದಾಗಿ ಬಂದು ಸೇರಿದ ಹುಡುಗಿಗೆ ಸಂಕಟವೆಂದರೆ ವಿಪತ್ತು, ಆಪತ್ತು. ಮುದುಕಿ ಏನೋ ಮನೆಯ ಕಷ್ಟ ಹೇಳಿಕೊಳ್ಳುತ್ತಿದ್ದಾಳೆಂದು ತಿಳಿದು ಆಕೆ ಸಮಾಧಾನದ ಮಾತನಾಡಿ ಮುಂದಿನ ಮಂಚಕ್ಕೆ ಹೋದರೆ ತಪ್ಪು ಯಾರದು? ಇದಕ್ಕೆ ಜೋಡಿಯಾದ ಇನ್ನೊಂದು ಶಬ್ದ ಅವಘಡ. ವೈದ್ಯರು ಮರಾಠಿಯಲ್ಲಿ ಕೇಸು ಅವಘಡವಿದೆ ಎಂದರೆ ಕಠಿಣವಿದೆ ಎಂದಷ್ಟೇ ಅರ್ಥ. ಹೊರಗೆ ನಿಂತ ಕನ್ನಡದ ನೆಂಟರಿಗೆ ಅದು ಆಗಬಾರದ್ದು ಆಗಿಹೋಯಿತೆಂದು ಕೇಳಿಸುತ್ತದೆ, ಗೋಳು ಏಳುತ್ತದೆ. ಕಟ್ಟು ಹಾವಿನ ಕಡಿತದಲ್ಲಂತೂ ಮಾತೇ ಮುಖ್ಯ ಸಾಕ್ಷಿ. ನೆಲದ ಮೇಲೆ ಮಲಗಿದವನಿಗೆ ಕಚ್ಚಿದ್ದು ತಿಳಿಯುವುದಿಲ್ಲ, ಹಲ್ಲಿನ ಗುರುತು ಕಾಣುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದವನ ರೆಪ್ಪೆ ಜೋಲತೊಡಗುತ್ತದೆ. ರಾತ್ರಿ ಎಲ್ಲಿ ಮಲಗಿದ್ದೆ ಎಂಬ ಒಂದು ಪ್ರಶ್ನೆ ಅವನಿಗೆ ತಿಳಿಯುವ ಭಾಷೆಯಲ್ಲಿ ಬಂದರೆ ವಿಷನಿವಾರಕ ಹೊತ್ತಿಗೆ ಸರಿಯಾಗಿ ನರ ಸೇರುತ್ತದೆ.

ನ್ಯಾಯದ ಮಾತನ್ನೂ ಆಡಬೇಕು. ಗಡಹಿಂಗ್ಲಜದ ವೈದ್ಯರಲ್ಲಿ ಕನ್ನಡ ಬಲ್ಲವರು ಕಡಿಮೆಯೇನಲ್ಲ. ಕಸ ಗುಡಿಸುವ, ಬೆಡ್‌ಪ್ಯಾನ್ ಒಯ್ಯುವ ಮಾವಶಿಯರು ಎರಡೂ ಭಾಷೆಯಲ್ಲಿ ಬಯ್ಯಬಲ್ಲರು, ಸಂತೈಸಬಲ್ಲರು. ದ್ವೇಷದಿಂದ ಯಾರೂ ಕನ್ನಡವನ್ನು ಹೊರಗಿಟ್ಟಿಲ್ಲ. ಆದರೆ ಶಸ್ತ್ರಕ್ರಿಯೆಗೆ ಮುನ್ನ ಸಂಮತಿ ಪತ್ರ ಮುಂದೆ ಬರುತ್ತದೆ, ಎಡಗೈ ಹೆಬ್ಬೆರಳಿಗೆ ಶಾಯಿ ಹತ್ತುತ್ತದೆ, ಅದರಲ್ಲಿ ಏನು ಬರೆದಿದೆಯೆಂಬುದನ್ನು ಒತ್ತಿದವಳೂ ಓದಿಲ್ಲ, ಒತ್ತಿಸಿದವಳೂ ಓದಿ ಹೇಳಿಲ್ಲ. ಮುಂದೆ ವ್ಯಾಜ್ಯವೆದ್ದರೆ ನ್ಯಾಯಾಸನ ಮೊದಲು ನೋಡುವುದು ಆ ಕಾಗದವನ್ನು. ವಾರ್ಡಿನಲ್ಲಿ ಆಡಿದ ಕನ್ನಡ ಮಾತು ಗಾಳಿಗೆ ಹೋಗಿರುತ್ತದೆ. ವೈದ್ಯರಿಗೂ ಇದು ರಕ್ಷಣೆಯಲ್ಲ. ತಿಳಿಯದ ಭಾಷೆಯ ಕಾಗದದ ಮೇಲಿನ ಹೆಬ್ಬೆಟ್ಟು ತಿಳಿದು ಕೊಟ್ಟ ಸಂಮತಿಯೆಂದು ಸಾಧಿಸುವುದು ಯಾವ ವಕೀಲನಿಗೂ ಸುಲಭದ ಕೆಲಸವಲ್ಲ.

ಕಾಯಿದೆ ಈ ವಿಷಯದಲ್ಲಿ ಪೂರ್ತಿ ಮೂಕವಾಗಿಲ್ಲ. 1994ರ ಪ್ರಸವಪೂರ್ವ ತಪಾಸಣೆಯ ಅಧಿನಿಯಮದ 5ನೆಯ ಕಲಮು, ತಪಾಸಣೆಯ ಪ್ರಕ್ರಿಯೆಗೆ ಮುನ್ನ ಗರ್ಭಿಣಿಗೆ ಅದರ ಪರಿಣಾಮಗಳನ್ನೆಲ್ಲ ವಿವರಿಸಬೇಕು, ಆಕೆಗೆ ತಿಳಿಯುವ ಭಾಷೆಯಲ್ಲಿ ಲಿಖಿತ ಸಂಮತಿ ಪಡೆಯಬೇಕು, ಅದರ ಪ್ರತಿಯನ್ನು ಆಕೆಗೆ ಕೊಡಬೇಕು ಎಂದು ನುಡಿಯುತ್ತದೆ. ರಾಜ್ಯದ ಭಾಷೆಯೆಂದಾಗಲಿ ವೈದ್ಯರ ಭಾಷೆಯೆಂದಾಗಲಿ ಅಲ್ಲಿ ಹೇಳಿಲ್ಲ. ಆಕೆಗೆ ತಿಳಿಯುವ ಭಾಷೆ ಎಂದಿದೆ. ಭ್ರೂಣಲಿಂಗ ತಿಳಿಸುವುದು ಅಪರಾಧವೆಂಬ ಫಲಕವನ್ನು ಇಂಗ್ಲಿಷಿನಲ್ಲಿ ಹಾಗೂ ಸ್ಥಳೀಯ ಭಾಷೆ ಅಥವಾ ಭಾಷೆಗಳಲ್ಲಿ ತೂಗಹಾಕಬೇಕೆಂದು ಅದರ ನಿಯಮಗಳಲ್ಲಿದೆ. 'ಭಾಷೆಗಳಲ್ಲಿ' ಎಂಬ ಬಹುವಚನ ಗಡಹಿಂಗ್ಲಜದಂಥ ಊರುಗಳಿಗಾಗಿಯೇ ಇಟ್ಟಂತಿದೆ. ಈ ಜಿಲ್ಲೆಗೆ ಆ ಕಾಯಿದೆಯ ನೆನಪು ಕಹಿಯಾದದ್ದು. 2001ರ ಜನಗಣತಿಯಲ್ಲಿ ಕೊಲ್ಹಾಪುರದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 839 ಹೆಣ್ಣುಮಕ್ಕಳಷ್ಟೇ ಇದ್ದರು. ಆಮೇಲೆ ಜಿಲ್ಲಾಡಳಿತ ಸೋನೋಗ್ರಫಿ ಯಂತ್ರಗಳಿಗೆ 'ಸೈಲೆಂಟ್ ಆಬ್ಸರ್ವರ್' ಎಂಬ ಕಾವಲು ಉಪಕರಣ ಅಳವಡಿಸಿ ದೇಶದ ಗಮನ ಸೆಳೆಯಿತು. 2011ರ ಹೊತ್ತಿಗೆ ಆ ಸಂಖ್ಯೆ 863ಕ್ಕೆ ಏರಿತು. ಯಂತ್ರಕ್ಕೆ ಕಾವಲು ಬಂತು, ಸಂಮತಿ ಪತ್ರದ ಭಾಷೆಯನ್ನು ಯಾರೂ ತಪಾಸಿಸಿದಂತಿಲ್ಲ.

ಉಳಿದ ಶಸ್ತ್ರಕ್ರಿಯೆಗಳಿಗೆ ಇಷ್ಟು ಸ್ಪಷ್ಟವಾದ ಕಲಮು ಇಲ್ಲವಾದರೂ ಸರ್ವೋಚ್ಚ ನ್ಯಾಯಾಲಯದ ಸಮೀರಾ ಕೊಹ್ಲಿ ತೀರ್ಪು (2008) ದಾರಿದೀಪವಾಗಿದೆ. ತಪಾಸಣೆಗೆಂದು ಅರಿವಳಿಕೆ ಪಡೆದ ಮಹಿಳೆಯ ಗರ್ಭಕೋಶವನ್ನು, ಹೊರಗಿದ್ದ ತಾಯಿಯ ಒಪ್ಪಿಗೆ ಕೇಳಿ, ತೆಗೆದುಹಾಕಿದ ಪ್ರಕರಣವದು. ರೋಗಿ ಪ್ರಾಪ್ತ ವಯಸ್ಕಳಾಗಿ ಸ್ವಸ್ಥ ಬುದ್ಧಿಯವಳಾಗಿರುವಾಗ ಬೇರೆಯವರ ಒಪ್ಪಿಗೆ ನಡೆಯದು, ತಪಾಸಣೆಗೆ ಕೊಟ್ಟ ಸಂಮತಿ ಶಸ್ತ್ರಕ್ರಿಯೆಗೆ ಸಲ್ಲದು, ಜೀವ ಉಳಿಸುವ ತುರ್ತು ಮಾತ್ರ ಇದಕ್ಕೆ ಅಪವಾದ ಎಂದು ನ್ಯಾಯಾಲಯ ಸಾರಿತು. ಕೊಡಿಸಿದ ಪರಿಹಾರ 25,000 ರೂಪಾಯಿ. ವೈದ್ಯರಿಗೆ ಶುಲ್ಕವೂ ದಕ್ಕಲಿಲ್ಲ. ಮಗ, ಅಳಿಯ, ದೀರ್, ಯಾರು ಎದುರಿಗಿದ್ದರೆ ಅವರ ಸಹಿ ಹಾಕಿಸಿಕೊಳ್ಳುವ ನಮ್ಮ ಕಡೆಯ ಪದ್ಧತಿಗೆ ಇದು ನೇರ ಉತ್ತರ. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕು ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನದಿನಲ್ಲಿ, ರೋಗದ ಸ್ವರೂಪ, ಕಾರಣ, ಚಿಕಿತ್ಸೆಗಳನ್ನು ರೋಗಿಗೆ ಗೊತ್ತಿರುವ ಭಾಷೆಯಲ್ಲೇ ವಿವರಿಸಬೇಕೆಂಬುದು ಸೇರಿದೆ. ಮಹಾರಾಷ್ಟ್ರದ 2021ರ ತಿದ್ದುಪಡಿ ನಿಯಮಗಳು ಹಕ್ಕುಗಳ ಸನದನ್ನೂ ದರಪಟ್ಟಿಯನ್ನೂ ಎದ್ದು ಕಾಣುವಂತೆ ಹಚ್ಚಬೇಕೆನ್ನುತ್ತವೆ. ಬಿಲ್ಲು ಬಾಕಿಯಿದೆಯೆಂದು ಶವ ತಡೆಯುವುದನ್ನು ನಿಷೇಧಿಸುತ್ತವೆ.

ಹಾಗಾದರೆ ರೋಗಿಯ ಕಡೆಯವರು ಮಾಡಬೇಕಾದುದೇನು? ದೊಡ್ಡ ಹೋರಾಟವೇನೂ ಬೇಕಿಲ್ಲ. ಸಹಿ ಮಾಡುವ ಮುನ್ನ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿರೆಂದು ಕೇಳಬೇಕು. ಹೇಳಿದ ಮೇಲೆ ಪತ್ರದ ಕೆಳಗೆ 'ಇದರಲ್ಲಿರುವುದನ್ನು ರೋಗಿಗೆ ಕನ್ನಡದಲ್ಲಿ ವಿವರಿಸಲಾಗಿದೆ' ಎಂದು ಬರೆದು, ವಿವರಿಸಿದವರು ಹೆಸರು, ಸಹಿ, ವೇಳೆ ಹಾಕಬೇಕು. ಎರಡೇ ಸಾಲು, ಒಂದು ನಿಮಿಷ. ಆ ವಿವರಿಸಿದವರು ರೋಗಿಯ ಮನೆಯ ಹತ್ತು ವರ್ಷದ ಶಾಲೆಯ ಹುಡುಗನಾಗಿರಬಾರದೆಂಬುದನ್ನೂ ಸೇರಿಸಬೇಕು. ಮರಾಠಿ ಶಾಲೆಗೆ ಹೋಗುವ ಮೊಮ್ಮಗನೇ ಇಂದು ಅನೇಕ ಅಜ್ಜಿಯರ ದುಭಾಷಿ, ಗರ್ಭಕೋಶದ ಮಾತನ್ನು ಅವನ ಬಾಯಿಂದ ಆಡಿಸುವುದು ಇಬ್ಬರಿಗೂ ಅವಮಾನ. ದವಾಖಾನೆಯವರು ಮರಾಠಿ ನಮೂನೆಯ ಬೆನ್ನಿಗೇ ಕನ್ನಡದ್ದನ್ನು ಮುದ್ರಿಸಿದರೆ ಖರ್ಚು ಹೆಚ್ಚುವುದಿಲ್ಲ. ಗಡಹಿಂಗ್ಲಜದ ಅಂಗಡಿಕಾರರು ಗಿರಾಕಿಯ ಭಾಷೆಯನ್ನು ಕಲಿತದ್ದು ಕಾಯಿದೆಗೆ ಅಂಜಿ ಅಲ್ಲವಷ್ಟೆ.

ಮನೆಗೆ ಹೊರಡುವಾಗ ಕಾಗದಗಳ ಪ್ರತಿ ಕೇಳುವುದನ್ನು ಜನ ಸಂಕೋಚದಿಂದ ಬಿಟ್ಟುಬಿಡುತ್ತಾರೆ. ವೈದ್ಯರ ನಡವಳಿಕೆಯ 2002ರ ನಿಯಮಾವಳಿಯಂತೆ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು, ಕೇಳಿದರೆ 72 ತಾಸಿನೊಳಗೆ ಕೊಡಬೇಕು. ಗಡಿಯಲ್ಲಿ ಇದರ ಬೆಲೆ ಇಮ್ಮಡಿ. ಗಡಹಿಂಗ್ಲಜದಲ್ಲಿ ಕೈಮೀರಿದ ರೋಗಿಯನ್ನು 70 ಕಿಲೋಮೀಟರಿನಾಚೆಯ ಕೊಲ್ಹಾಪುರಕ್ಕೆ, ಸಿ.ಪಿ.ಆರ್. ಆಸ್ಪತ್ರೆಗೆ, ಇಲ್ಲವೆ ಬೆಳಗಾವಿಗೆ ಕಳಿಸುತ್ತಾರೆ. ರಾಜಾರಾಮ ಬಂಧಾರೆಯ ಬಳಿ ಪಂಚಗಂಗೆ 43 ಅಡಿಯ ಅಪಾಯ ಮಟ್ಟ ದಾಟಿತೆಂದರೆ ಕೊಲ್ಹಾಪುರದ ದಾರಿಗಳ ಮೇಲೆ ಒಂದು ಕಣ್ಣಿಡಬೇಕು; 2019ರ ಆಗಸ್ಟಿನಲ್ಲಿ, 2021ರ ಜುಲೈಯಲ್ಲಿ ಹೆದ್ದಾರಿಯೇ ಮುಳುಗಿದಾಗ ಬೆಳಗಾವಿಯೊಂದೇ ಗತಿಯಾಗಿತ್ತು. ರಾಜ್ಯ ಬದಲಾದಾಗ ಕಾರ್ಡಿನ ಪ್ರಶ್ನೆಯೂ ಏಳುತ್ತದೆ. ಮಹಾತ್ಮಾ ಫುಲೆ ಯೋಜನೆ ಮಹಾರಾಷ್ಟ್ರದ್ದು. 2023ರಲ್ಲಿ ಅದನ್ನು ಕರ್ನಾಟಕದ 865 ಗಡಿ ಗ್ರಾಮಗಳಿಗೆ ವಿಸ್ತರಿಸಹೊರಟಾಗ ಎರಡು ಸರ್ಕಾರಗಳ ನಡುವೆ ಮಾತು ಬೆಳೆಯಿತು, ರೋಗಿಯನ್ನು ಯಾರೂ ಕೇಳಲಿಲ್ಲ. ಆಯುಷ್ಮಾನ್ ಭಾರತ ಕಾರ್ಡು ಯೋಜನೆಗೆ ಸೇರಿದ ಆಸ್ಪತ್ರೆಯಿದ್ದರೆ ಹೊರರಾಜ್ಯದಲ್ಲೂ ನಡೆಯುವಂತೆ ರೂಪಿತವಾದದ್ದು. 70 ವರ್ಷ ದಾಟಿದವರಿಗೆ 2024ರ ಅಕ್ಟೋಬರಿನಿಂದ ಆದಾಯದ ಮಿತಿಯಿಲ್ಲದೆ ಸಿಗುತ್ತಿದೆ. ದಾಖಲಾಗುವ ಮುನ್ನವೇ ಆಸ್ಪತ್ರೆ ಯೋಜನೆಯಲ್ಲಿದೆಯೇ ಎಂದು ಕೇಳಿಕೊಳ್ಳುವುದು ಲೇಸು.

ಕೆಲವು ಪ್ರಕರಣಗಳು ವ್ಯಾಜ್ಯದವರೆಗೂ ಹೋಗುತ್ತವೆ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾಯಿದೆಯ ಕಕ್ಷೆಗೆ ಬರುತ್ತದೆಂದು 1995ರ ಶಾಂತಾ ಪ್ರಕರಣದಲ್ಲೇ ತೀರ್ಮಾನವಾಗಿದೆ. 2019ರ ಹೊಸ ಕಾಯಿದೆಯ 34ನೆಯ ಕಲಮು ಗಡಿಯವರಿಗೆ ತಂದ ಅನುಕೂಲ ಮಾತ್ರ ಬಹಳ ಮಂದಿಗೆ ತಿಳಿದಿಲ್ಲ: ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಸಂಕೇಶ್ವರದವರು ಗಡಹಿಂಗ್ಲಜದಲ್ಲಿ ಚಿಕಿತ್ಸೆ ಪಡೆದಿದ್ದರೂ ಬೆಳಗಾವಿಯ ಬಾಗಿಲು ಅವರಿಗೆ ತೆರೆದಿದೆ. ಅವಧಿ ಎರಡು ವರ್ಷ. ಹಲಕರ್ಣಿಯವರು ಕೊಲ್ಹಾಪುರಕ್ಕೇ ಹೋಗಬೇಕು. ನೋಂದಣಿಯ ಅಧಿಕಾರಿ ಕದಲದೆ ಕುಳಿತರೆ ಹೈಕೋರ್ಟಿಗಾಗಿ ಮುಂಬಯಿಗೆ ಓಡುವ ಕಾಲವೂ ಮುಗಿಯಿತು. 2025ರ ಆಗಸ್ಟ್ 18ರಿಂದ ಅದರ ಸರ್ಕೀಟ್ ಬೆಂಚು ಕೊಲ್ಹಾಪುರದಲ್ಲೇ ಕೂಡುತ್ತಿದೆ.

ದಸರೆ ಮುಗಿಯುತ್ತಲೂ ಹಂಗಾಮು ತಿರುಗುತ್ತದೆ. ಕಾರ್ಖಾನೆಗಳು ಹೊಗೆ ಬಿಡತೊಡಗಿ, ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಂಕೇಶ್ವರದ ರಸ್ತೆಗಿಳಿದರೆ ನರ್ಸಿಂಗ್ ಹೋಮುಗಳಲ್ಲಿ ಜ್ವರದ ಮಂಚಗಳು ಖಾಲಿಯಾಗಿ ಪ್ಲಾಸ್ಟರಿನ ಕೋಣೆ ತುಂಬುತ್ತದೆ. ಬೀಡ ಜಿಲ್ಲೆಯಿಂದ ಕಬ್ಬು ಕಡಿಯುವ ಟೋಳಿಗಳು ಬರುತ್ತವೆ. ಅಲ್ಲಿಯ ಕೂಲಿ ಹೆಣ್ಣುಮಕ್ಕಳಲ್ಲಿ 13,000ಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ತೆಗೆದಿರುವುದು 2019ರ ಸರ್ಕಾರಿ ಸಮಿತಿಯ ಮುಂದೆ ಬಂದಿತ್ತು. 2023ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಶಸ್ತ್ರಕ್ರಿಯೆಗಳ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು. ಆ ಟೋಳಿಗಳಲ್ಲಿ ಎಷ್ಟೋ ಗಡಿ ದಾಟಿ ಬೆಳಗಾವಿ ಜಿಲ್ಲೆಯ ಕಾರ್ಖಾನೆಗಳಿಗೂ ಹೋಗುತ್ತವೆ. ಮರಾಠಿಯ ಹೊರತು ಬೇರೇನೂ ಬಾರದ ಹೆಣ್ಣುಮಗಳು ಅಲ್ಲಿ ಹೊಟ್ಟೆ ಹಿಡಿದುಕೊಂಡು ದವಾಖಾನೆಯ ಬೆಂಚಿನ ಮೇಲೆ ಕುಳಿತಾಗ ಅವಳ ಮುಂದೆ ಬರುವ ಸಂಮತಿ ಪತ್ರ ಕನ್ನಡದ್ದು. ಅದರ ಕೆಳಗೂ ಅದೇ ಎರಡು ಸಾಲು, ಮರಾಠಿಯಲ್ಲಿ ವಿವರಿಸಲಾಗಿದೆಯೆಂದು, ಬೀಳಬೇಕಾಗಿದೆ.