ತರಬೇತಿಯ ಸ್ಲೈಡುಗಳೂ ಕಡಿದುಹೋಗುವ ಲಿಂಕುಗಳೂ

ಶಿವಮೊಗ್ಗ ತಾಲ್ಲೂಕಿನ ಕುಂಸಿಯಂತಹ ಹೋಬಳಿಗಳಲ್ಲಿ ರೈತರಿಗೆ ತರಬೇತಿ ಕೊಡುವಾಗ ಪ್ರೊಜೆಕ್ಟರನ್ನು ಉಪಯೋಗಿಸುವುದು ಈಗ ವಾಡಿಕೆಯಾಗಿದೆ. ಮೇಲಿನ ಕಚೇರಿಯಲ್ಲಿ ತಯಾರಾದ ಪವರ್ ಪಾಯಿಂಟ್ ಫೈಲು ಕ್ಲೌಡಿನಲ್ಲಿರುವ ಹಂಚಿಕೆಯ ಫೋಲ್ಡರಿಗೆ ಸೇರಿ, ಅಲ್ಲಿಂದ ಹೋಬಳಿಯ ಲ್ಯಾಪ್‌ಟಾಪಿಗೆ ಇಳಿಯುತ್ತದೆ. ಏರ್ಪಾಡು ಅನುಕೂಲವಾದದ್ದೇ ಸರಿ. ಆದರೆ ಬಿತ್ತನೆಯ ಕಾಲದಲ್ಲಿ ಕೆಲಸ ಬಿಟ್ಟು ಬಂದ ರೈತರು ಕುಳಿತಿರುವಾಗ, ಹುಳುವಿನ ಚಿತ್ರವಿರಬೇಕಾದ ಜಾಗದಲ್ಲಿ ಬರಿಯ ಚೌಕವೂ ಅದರ ಮೂಲೆಯಲ್ಲಿ ಕೆಂಪು ಗುಣಾಕಾರದ ಗುರುತೂ ಕಾಣಿಸಿಕೊಂಡರೆ, ಆ ದಿನದ ಪಾಠವು ಅರ್ಧ ಕೆಟ್ಟಂತೆಯೇ ಎಣಿಸಬೇಕು.

ಇದು ಅಲ್ಪವಿಷಯವೆಂದು ತಳ್ಳಿಹಾಕತಕ್ಕದ್ದಲ್ಲ. ಮುಸುಕಿನ ಜೋಳವನ್ನು ಹಾಳುಮಾಡುವ ಫಾಲ್ ಸೈನಿಕ ಹುಳುವು ಭಾರತದಲ್ಲಿ ಮೊಟ್ಟಮೊದಲು ಗುರುತಿಸಲ್ಪಟ್ಟದ್ದು 2018ನೆಯ ಇಸವಿ ಮೇ ತಿಂಗಳಿನಲ್ಲಿ, ಇದೇ ಶಿವಮೊಗ್ಗದಲ್ಲಿ. ಅದರ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದಂತಹ ಗೆರೆಯೂ, ಬಾಲದ ಸಮೀಪದಲ್ಲಿ ಚೌಕವಾಗಿ ನಿಂತ ನಾಲ್ಕು ಕಪ್ಪು ಚುಕ್ಕೆಗಳೂ ಇರುವುವು. ಇವನ್ನು ಬಾಯಿಮಾತಿನಲ್ಲಿ ಎಷ್ಟು ವರ್ಣಿಸಿದರೂ ಎಲ್ಲರಿಗೂ ಮನದಟ್ಟಾಗದು. ಚಿತ್ರವನ್ನು ಒಮ್ಮೆ ಕಂಡವನು ಮರೆಯುವುದಿಲ್ಲ. ಹುಳು ಸುಳಿಯೊಳಕ್ಕೆ ಇಳಿದು ತನ್ನ ಹಿಕ್ಕೆಯಿಂದ ದಾರಿ ಮುಚ್ಚಿಕೊಂಡಮೇಲೆ ಔಷಧವು ಅದಕ್ಕೆ ತಗಲುವುದು ಕಷ್ಟ. ಆದಕಾರಣ ಅದು ಬಲಿಯುವ ಮುನ್ನವೇ ಅದರ ಗುರುತು ಹತ್ತಬೇಕಾಗಿರುವುದು.

ಇಂತಹ ಸಮಯದಲ್ಲಿ ಇಂಟರ್‌ನೆಟ್ಟನ್ನು ದೂರುವವರೇ ಹೆಚ್ಚು. ಲ್ಯಾಪ್‌ಟಾಪನ್ನು ಹಿಡಿದು ನಿಂತ ಸಹಾಯಕನನ್ನು ದೂರುವವರೂ ಉಂಟು, ಅದು ನ್ಯಾಯವಲ್ಲ. ಸ್ಲೈಡಿಗೆ ಚಿತ್ರವನ್ನಾಗಲಿ ಎಕ್ಸೆಲ್ ಕೋಷ್ಟಕವನ್ನಾಗಲಿ ಲಿಂಕು ಮಾಡಿದಾಗ, ಮೂಲವು ಬಂದು ಫೈಲಿನೊಳಗೆ ಸೇರುವುದಿಲ್ಲ; ಅದಿರುವ ವಿಳಾಸವು ಮಾತ್ರ ಬರೆಯಲ್ಪಡುತ್ತದೆ. ಆ ವಿಳಾಸವಾದರೂ ತಯಾರಿಸಿದವರ ಯಂತ್ರದ್ದು: ಸಿ ಡ್ರೈವು, ಅದರಲ್ಲಿ ಯೂಸರ್ಸ್, ಅದರಲ್ಲಿ ಅವರ ಹೆಸರು, ಅದರೊಳಗೆ ಒನ್‌ಡ್ರೈವ್. ಕುಂಸಿಯ ಲ್ಯಾಪ್‌ಟಾಪಿನಲ್ಲಿ ಆ ಹೆಸರಿನವರೇ ಇಲ್ಲ. ಫೋಲ್ಡರು ಎರಡು ಕಡೆಯೂ ಒಂದೇ ಎಂದು ಕಣ್ಣಿಗೆ ತೋರಿದರೂ ಅದಕ್ಕೆ ಹೋಗುವ ದಾರಿ ಬೇರೆಯಾಗಿರುವುದು. ಪಹಣಿಯಲ್ಲಿ ಸರ್ವೆ ನಂಬರು ತಪ್ಪಾಗಿ ಬಿದ್ದರೆ, ಜಮೀನು ಅಲ್ಲೇ ಇದ್ದರೂ ದಾಖಲೆಗೆ ಸಿಕ್ಕುವುದಿಲ್ಲವಷ್ಟೆ.

ದೋಷವನ್ನು ಕಂಡುಹಿಡಿಯುವುದು ಸುಲಭ. ಪವರ್ ಪಾಯಿಂಟಿನ ಫೈಲ್ ಮೆನುವಿನಲ್ಲಿ ಇನ್ಫೋ ಎಂಬ ಪುಟವನ್ನು ತೆರೆದು, ‘ಎಡಿಟ್ ಲಿಂಕ್ಸ್ ಟು ಫೈಲ್ಸ್’ ಎಂಬ ಮಾತು ಅಲ್ಲಿದೆಯೇ ಎಂದು ನೋಡತಕ್ಕದ್ದು. ಇದ್ದರೆ ಆ ಫೈಲು ಹೊರಗಿನ ಫೈಲುಗಳನ್ನು ನಂಬಿಕೊಂಡಿದೆ ಎಂದರ್ಥ. ಅದನ್ನು ಒತ್ತಿದರೆ ಯಾವ ಫೈಲನ್ನು ಯಾವ ದಾರಿಯಲ್ಲಿ ಹುಡುಕುತ್ತಿದೆ ಎಂಬುದೆಲ್ಲ ತೋರುವುದು. ‘ಚೇಂಜ್ ಸೋರ್ಸ್’ ಎಂಬುದರಿಂದ ಹೊಸ ದಾರಿಯನ್ನು ಕೊಡಬಹುದು. ಆದರೆ ಅದು ಆ ಒಂದು ಯಂತ್ರಕ್ಕೆ ಮಾತ್ರ ಮದ್ದು. ಹಾಗೆ ತಿದ್ದಿ ಹಂಚಿಕೆಯ ಫೋಲ್ಡರಿನಲ್ಲೇ ಉಳಿಸಿದರೆ ಆಯನೂರಿನಲ್ಲಿ ತೆರೆಯುವವರಿಗೆ ಲಿಂಕು ಕಡಿದಿರುತ್ತದೆ.

ವಿಡಿಯೋಗಳ ಸಂಗತಿ ಸ್ವಲ್ಪ ಬೇರೆ. 2010ರ ಆವೃತ್ತಿಯಿಂದೀಚೆಗೆ ಪವರ್ ಪಾಯಿಂಟ್ ವಿಡಿಯೋವನ್ನು ತಾನಾಗಿಯೇ ಫೈಲಿನೊಳಗೆ ಸೇರಿಸಿಕೊಳ್ಳುತ್ತದೆ. ಅದಕ್ಕೆ ಹಿಂದೆ ತಯಾರಾದವುಗಳನ್ನು ವರ್ಷವರ್ಷವೂ ತಿದ್ದಿ ನಡೆಸುತ್ತಿದ್ದರೆ ಹಳೆಯ ಲಿಂಕುಗಳು ಇನ್ನೂ ಉಳಿದಿರುವ ಸಂಭವವುಂಟು. ಒನ್‌ಡ್ರೈವಿನ ಫೈಲಿನ ಪಕ್ಕದಲ್ಲಿ ಮೋಡದ ಗುರುತಿದ್ದರೆ ಅದು ಯಂತ್ರಕ್ಕೆ ಇನ್ನೂ ಇಳಿದಿಲ್ಲವೆಂದು ತಿಳಿಯತಕ್ಕದ್ದು. ನೆಟ್‌ವರ್ಕು ಹೋದೊಡನೆ ಅದೂ ಇಲ್ಲದಂತೆಯೇ.

ಚಿತ್ರವು ಕಾಣದೆಹೋದರೆ ಎಲ್ಲರಿಗೂ ತಿಳಿಯುತ್ತದೆ. ತಿಳಿಯದೆ ಹೋಗುವ ದೋಷವು ಮತ್ತೊಂದುಂಟು. ಅದು ಇದಕ್ಕಿಂತ ಅಪಾಯಕರವಾದದ್ದು. ಲಿಂಕು ಮಾಡಿದ ಎಕ್ಸೆಲ್ ಕೋಷ್ಟಕವು ಮೂಲ ಸಿಕ್ಕದಿದ್ದರೂ ಖಾಲಿಯಾಗುವುದಿಲ್ಲ; ಹಿಂದೆ ಯಾವಾಗಲೋ ಉಳಿಸಿದಾಗಿನ ಅಂಕಿಗಳನ್ನೇ ತೋರಿಸುತ್ತ ನಿಂತಿರುತ್ತದೆ. ಸೈನಿಕ ಹುಳುವಿಗೆ ಎಮಾಮೆಕ್ಟಿನ್ ಬೆಂಜೋಯೇಟ್ ಶೇಕಡಾ 5 ಎಸ್‌ಜಿ ಔಷಧವನ್ನು ಒಂದು ಲೀಟರು ನೀರಿಗೆ 0.4 ಗ್ರಾಂನಂತೆ ಬೆರೆಸಲು ಶಿಫಾರಸುಂಟು. ಕೋಷ್ಟಕದಲ್ಲಿ ಬಿಂದು ತಪ್ಪಿ 4 ಎಂದು ಬಿದ್ದು, ಅದನ್ನು ಕಚೇರಿಯಲ್ಲಿ ಮರುದಿನವೇ ತಿದ್ದಿದ್ದರೂ, ಹೋಬಳಿಯ ಸ್ಲೈಡಿನಲ್ಲಿ 4 ಎಂಬುದೇ ಉಳಿಯಬಹುದು. ಹತ್ತರಷ್ಟು ಔಷಧ! ಫೈಲು ತೆರೆಯುವಾಗ ಲಿಂಕುಗಳನ್ನು ಹೊಸದುಮಾಡಬೇಕೇ ಎಂದು ಯಂತ್ರವು ಕೇಳುವುದೇನೋ ನಿಜ. ಅವಸರದಲ್ಲಿ ‘ಕ್ಯಾನ್ಸಲ್’ ಒತ್ತುವುದೇ ರೂಢಿ.

ದರಗಳೂ ಪ್ರಮಾಣಗಳೂ ಬದಲಾಗುತ್ತಿರುವುದರಿಂದ ಲಿಂಕೇ ಮೇಲು ಎಂದು ಕೆಲವರು ವಾದಿಸುವರು. ಕಚೇರಿಯೊಳಗಿನ ಲೆಕ್ಕಪತ್ರಗಳಿಗೆ ಈ ಮಾತು ಒಪ್ಪತಕ್ಕದ್ದೇ. ಹೋಬಳಿಗೆ ಹೋಗುವ ಪ್ರತಿಗೆ ಒಪ್ಪುವಂತಿಲ್ಲ. ಆ ಪ್ರತಿಯಲ್ಲಿ ಲಿಂಕೇ ಇರಕೂಡದು. ಮೂಲ ಫೈಲನ್ನು ಹಾಗೆಯೇ ಇಟ್ಟುಕೊಂಡು ಪ್ರತಿಯೊಂದನ್ನು ತೆಗೆದು, ಕೋಷ್ಟಕಗಳನ್ನು ‘ಅಪ್‌ಡೇಟ್ ನೌ’ ಎಂದು ಹೊಸದುಮಾಡಿದಮೇಲೆ ‘ಬ್ರೇಕ್ ಲಿಂಕ್’ ಒತ್ತಿ, ಆ ಸ್ಲೈಡಿನಲ್ಲಿಯೇ ತಾರೀಖನ್ನು ಬರೆದು ಕಳುಹಿಸುವುದು ಯುಕ್ತ. ಚಿತ್ರಗಳನ್ನು ಸೇರಿಸುವಾಗ ‘ಲಿಂಕ್ ಟು ಫೈಲ್’ ಎಂಬುದನ್ನು ಮುಟ್ಟದೆ ‘ಇನ್ಸರ್ಟ್’ ಎಂಬುದನ್ನೇ ಆರಿಸಬೇಕು. ಫೈಲು ದೊಡ್ಡದಾಗುವುದೆಂಬ ಆಕ್ಷೇಪಣೆಯು ನಿಜವಾದರೂ, ಚಿತ್ರಗಳನ್ನು ಕುಗ್ಗಿಸುವ ಸೌಕರ್ಯವು ಪವರ್ ಪಾಯಿಂಟಿನಲ್ಲಿಯೇ ಇರುವುದು. ವೆಬ್ ವಿಳಾಸವನ್ನು ಕೊಡಲೇಬೇಕಾದರೆ, ಆ ಫೈಲನ್ನು ನೋಡಲು ಹೋಬಳಿಯವರಿಗೆ ಅನುಮತಿ ಇದೆಯೇ ಎಂದು ಮೊದಲು ವಿಚಾರಿಸಬೇಕು; ಗೂಗಲ್ ಡ್ರೈವಿನಲ್ಲಿ ಫೈಲಿನ ಹೆಸರು ಬದಲಾದರೂ ಲಿಂಕು ಕೆಡದು, ಅನುಮತಿ ಇಲ್ಲದಿದ್ದರೆ ಮಾತ್ರ ಬಾಗಿಲು ತೆರೆಯದು.

ಪರೀಕ್ಷೆಯನ್ನು ತಯಾರಿಸಿದವರ ಯಂತ್ರದಲ್ಲಿ ಮಾಡಿದರೆ ಪ್ರಯೋಜನವಿಲ್ಲ. ಅಲ್ಲಿ ಎಲ್ಲವೂ ಸರಿಯಾಗಿಯೇ ಕಾಣುವುದು. ಪಕ್ಕದ ಮೇಜಿನವರ ಯಂತ್ರದಲ್ಲಿ, ಅವರ ಹೆಸರಿನಿಂದ, ವೈಫೈ ಆರಿಸಿ ಮೊದಲಿನಿಂದ ಕಡೆಯವರೆಗೆ ಒಮ್ಮೆ ಓಡಿಸಿ ನೋಡತಕ್ಕದ್ದು. ಇದಕ್ಕೆ ಹತ್ತು ನಿಮಿಷ ಸಾಕು. ತರಬೇತಿಯ ಹಿಂದಿನ ಸಾಯಂಕಾಲದಲ್ಲಿ ಕುಂಸಿಯ ಲ್ಯಾಪ್‌ಟಾಪಿನಲ್ಲಿಯೂ ಹೀಗೆಯೇ ಮಾಡಿ, ಪಿಡಿಎಫ್ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದರೆ, ವಿಡಿಯೋ ಓಡದಿದ್ದರೂ ಹುಳುವಿನ ಚಿತ್ರವಂತೂ ರೈತರ ಕಣ್ಣಿಗೆ ಬೀಳುವುದು.